ಮಿಡಿಸೌತೆಯ ಹೂವಿನ ತುದಿ

ಸಾಗರದ ಕಡೆಯ ಮನೆಗಳಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಹಾಕುವುದನ್ನು ನೋಡುತ್ತ ಬೆಳೆದವರಿಗೆ, ಉಪ್ಪಿನಕಾಯಿಯ ಮಟ್ಟಿಗೆ ಇನ್ನು ಕಲಿಯುವುದೇನೂ ಇಲ್ಲ ಎಂಬ ಧೈರ್ಯ ತಾನಾಗಿ ಬಂದುಬಿಡುತ್ತದೆ. ಮದುವೆಯಾಗಿ ತುಮಕೂರಿಗೆ ಬಂದ ಮೇಲೆ ಇಲ್ಲಿನ ಹೊಲವೊಂದರಲ್ಲಿ ಮಿಡಿಸೌತೆಯ ಬಳ್ಳಿಗಳನ್ನು ಮೊದಲ ಸಲ ಕಂಡಾಗ ನಾನು ಆ ಧೈರ್ಯದಿಂದಲೇ ಎರಡು ಕಿಲೋ ಕಾಯಿ ತಂದು, ತೊಳೆದು, ಉಪ್ಪುನೀರು ತುಂಬಿದ ಭರಣಿಗೆ ಹಾಕಿದೆ. ಹನ್ನೆರಡನೆಯ ದಿನ ಮುಚ್ಚಳ ತೆರೆದಾಗ ಹುಳಿ ವಾಸನೆ ಚೆನ್ನಾಗಿಯೇ ಬಂದಿತ್ತು, ಕಾಯಿಯ ಬಣ್ಣವೂ ಹದವಾದ ಕಂದುಹಸಿರಿಗೆ ತಿರುಗಿತ್ತು. ಒಂದನ್ನು ಎತ್ತಿಕೊಂಡರೆ ಅದು ಬೆರಳುಗಳ ನಡುವೆ ಪಿಚಕ್ಕನೆ ಕುಸಿದು, ಸಿಪ್ಪೆ ಕೈಯಲ್ಲಿ ಉಳಿದು, ತಿರುಳು ಮತ್ತೆ ನೀರಿಗೆ ಜಾರಿತು. ಎರಡು ಕಿಲೋ ಕಾಯಿಯಲ್ಲಿ ಒಂದೂ ಉಳಿಯಲಿಲ್ಲ.

ಅದಾಗಿ ಆರು ಚಳಿಗಾಲ ಕಳೆದಿವೆ. ಪ್ರತಿ ಭರಣಿಗೂ ಕಾಯಿಯ ಗಾತ್ರ, ಉಪ್ಪಿನ ತೂಕ, ಇಟ್ಟ ಜಾಗ, ತೆರೆದ ದಿನ ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತ ಬಂದಿದ್ದೇನೆ. ಸೌತೆಯ ಉಪ್ಪಿನಕಾಯಿ ಮೆತ್ತಗಾಯಿತು, ಟೊಳ್ಳಾಯಿತು, ಚಿರುಟಿತು ಎಂದು ಕೇಳುವವರಿಗೆಲ್ಲ ನಾನು ಮೊದಲು ಹೇಳುವುದು ಒಂದೇ ಮಾತು: ಗಟ್ಟಿತನವನ್ನು ಭರಣಿಯೊಳಗೆ ಹುಟ್ಟಿಸಲು ಬರುವುದಿಲ್ಲ, ಬಳ್ಳಿಯಿಂದ ಬರುವಾಗ ಕಾಯಿಯಲ್ಲಿ ಎಷ್ಟು ಇತ್ತೋ ಅದನ್ನು ಕಾಪಾಡಲು ಮಾತ್ರ ಬರುತ್ತದೆ. ಹೀಗಾಗಿ ಏನು ಬೆರೆಸಿದರೆ ಗಟ್ಟಿಯಾದೀತು ಎಂದು ಕೇಳುವ ಮೊದಲು, ಇದ್ದ ಗಟ್ಟಿತನ ಎಲ್ಲಿ ಸೋರಿಹೋಯಿತು ಎಂದು ಹುಡುಕಬೇಕು.

ಮಿಡಿಸೌತೆಯನ್ನು ಗರ್ಕಿನ್ ಎಂದು ಕರೆಯುವುದೇ ಇಲ್ಲಿ ಹೆಚ್ಚು ರೂಢಿ. 1990ರ ದಶಕದ ಆರಂಭದಲ್ಲಿ ಕರ್ನಾಟಕದಲ್ಲಿ ಗುತ್ತಿಗೆ ಬೇಸಾಯವಾಗಿ ಶುರುವಾದ ಈ ಬೆಳೆ ಆಮೇಲೆ ತಮಿಳುನಾಡು, ಆಂಧ್ರಗಳಿಗೂ ಹಬ್ಬಿತು. ಬಿತ್ತಿ ತಿಂಗಳು ಕಳೆಯುವಷ್ಟರಲ್ಲಿ ಕೊಯ್ಲು ಆರಂಭವಾಗುತ್ತದೆ, ಆಮೇಲೆ ದಿನವೂ ಕೊಯ್ಯಬೇಕು; ಕಿಲೋಗೆ ಎಷ್ಟು ಕಾಯಿ ತೂಗುತ್ತವೆ ಎಂಬ ಲೆಕ್ಕದಲ್ಲಿ ವಿಂಗಡಣೆ ನಡೆಯುತ್ತದೆ, ಕಾಯಿ ಚಿಕ್ಕದಾದಷ್ಟೂ ಬೆಲೆ ಹೆಚ್ಚು. ಬೆಳೆದದ್ದರಲ್ಲಿ ಬಹುಪಾಲು ಉಪ್ಪುನೀರು ಇಲ್ಲವೇ ವಿನೆಗರ್ ತುಂಬಿದ ಡ್ರಮ್ಮುಗಳಲ್ಲಿ ವಿದೇಶಕ್ಕೆ ಹೋಗುತ್ತದೆ. ನಾನು ತರುವುದು, ಒಂದು ದಿನ ಕೊಯ್ಯಲು ತಡವಾಗಿ ದರ್ಜೆಯಿಂದ ಇಳಿದು ಹೊಲದಲ್ಲಿ ಉಳಿದ ಕಾಯಿಯನ್ನು. ಇಷ್ಟು ಒಳ್ಳೆಯ ಕಾಯಿ ಬೆಳೆಯುವ ಊರಿನಲ್ಲಿ ಅದನ್ನು ತಿನ್ನುವವರೇ ಕಡಿಮೆ ಎಂಬುದು ನನಗೆ ಇಂದಿಗೂ ಬೇಸರದ ಸಂಗತಿ.

ಆ ಹೊಲದ ಯಜಮಾನಿತಿಯೇ ನನಗೆ ಮೊದಲ ಪಾಠ ಹೇಳಿದವರು. ಮೆತ್ತಗಾದ ಭರಣಿಯ ಕಥೆ ಕೇಳಿ ಅವರು, ‘ಹೂವ ಉದುರಿಸ್ದೆ ಹಂಗೇ ಹಾಕ್ದ್ರಾ ಅಕ್ಕ? ಹೂವ ಅಂಟ್ಕೊಂಡಿದ್ರೆ ತೂಕಕ್ಕೂ ತಗಳಲ್ಲ’ ಎಂದರು. ಮಿಡಿಸೌತೆಯನ್ನು ಕೈಯಲ್ಲಿ ಹಿಡಿದು ನೋಡಿದರೆ ಒಂದು ತುದಿಯಲ್ಲಿ ತೊಟ್ಟು, ಇನ್ನೊಂದು ತುದಿಯಲ್ಲಿ ಒಣಗಿ ಕಂದಾದ ಹೂವಿನ ಚೂರು ಕಾಣುತ್ತದೆ. ಹೂ ಉದುರಿಹೋಗಿದ್ದರೆ ಆ ಜಾಗದಲ್ಲಿ ಉಗುರಿನ ತುದಿಯಷ್ಟು ಅಗಲದ, ಒರಟಾದ ಒಂದು ಮಚ್ಚೆ ಉಳಿದಿರುತ್ತದೆ. ಕಾಯಿ ಎಷ್ಟು ಎಳೆಯದೋ ಹೂ ಅಷ್ಟು ಬಿಗಿಯಾಗಿ ಅಂಟಿಕೊಂಡಿರುತ್ತದೆ. ಈ ಒಣಹೂವಿನ ಮೇಲೆ ಹೊಲದಲ್ಲಿಯೇ ಶಿಲೀಂಧ್ರಗಳು ಬೆಳೆದಿರುತ್ತವೆ, ಮತ್ತು ಅವು ಪೆಕ್ಟಿನ್ನನ್ನು ಕತ್ತರಿಸುವ ಕಿಣ್ವಗಳನ್ನು ಹೊರಬಿಡುತ್ತವೆ. ಕಾಯಿಯ ಒಂದು ಜೀವಕೋಶವನ್ನು ಪಕ್ಕದ ಜೀವಕೋಶಕ್ಕೆ ಗೋಡೆಯ ಇಟ್ಟಿಗೆಗಳ ನಡುವಿನ ಗಾರೆಯಂತೆ ಅಂಟಿಸಿ ಹಿಡಿದಿರುವುದು ಪೆಕ್ಟಿನ್. ಗಾರೆ ಕರಗಿದರೆ ಇಟ್ಟಿಗೆಗಳು ಹಾಗೆಯೇ ಇದ್ದರೂ ಗೋಡೆ ನಿಲ್ಲುವುದಿಲ್ಲ. 1950ರ ದಶಕದಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಜಾನ್ ಎಚೆಲ್ಸ್ ಮತ್ತು ಅವರ ಸಂಗಡಿಗರು ಉಪ್ಪಿನಕಾಯಿ ಸೌತೆಯ ಹೂವು, ಹೀಚು, ಕಾಯಿಗಳನ್ನು ಬೇರೆ ಬೇರೆಯಾಗಿ ಪರೀಕ್ಷಿಸಿ, ಪೀಪಾಯಿಗಳಲ್ಲಿ ಕಾಯಿಯನ್ನು ಮೆತ್ತಗಾಗಿಸುವ ಕಿಣ್ವದ ಮುಖ್ಯ ಮೂಲ ಈ ಹೂವುಗಳೇ ಎಂದು ತೋರಿಸಿಕೊಟ್ಟರು. ಉಪ್ಪುನೀರು ಹುಳಿಯಾಗುವ ಹೊತ್ತಿಗೆ ಶಿಲೀಂಧ್ರ ಸತ್ತರೂ ಅದು ಬಿಟ್ಟುಹೋದ ಕಿಣ್ವ ಮಾತ್ರ ಕೆಲಸ ನಿಲ್ಲಿಸುವುದಿಲ್ಲ. ನನ್ನ ಮೊದಲ ಭರಣಿಯಲ್ಲಿ ಹುಳಿ ಚೆನ್ನಾಗಿ ಬಂದಿದ್ದರೂ ಕಾಯಿ ಕುಸಿದದ್ದು ಇದರಿಂದಲೇ.

ಇಲ್ಲಿ ನಮ್ಮ ಮನೆಗಳ ಒಂದು ರೂಢಿ ನಮಗೇ ಅಡ್ಡ ಬರುತ್ತದೆ. ಸೌತೆಕಾಯಿ ಹೆಚ್ಚುವ ಮೊದಲು ತೊಟ್ಟಿನ ಕಡೆ ಒಂದು ಬಿಲ್ಲೆ ಕತ್ತರಿಸಿ, ಅದೇ ಬಿಲ್ಲೆಯಿಂದ ಕಾಯಿಯ ಬಾಯನ್ನು ಗುಂಡಗೆ ಉಜ್ಜಿ, ಬಿಳಿ ನೊರೆ ಬರಿಸಿ ಕಹಿ ತೆಗೆಯುವುದು ಎಲ್ಲರೂ ಬಲ್ಲ ಕೆಲಸ. ಕೈಗೆ ಅದೇ ಅಭ್ಯಾಸವಾಗಿರುವುದರಿಂದ ಉಪ್ಪಿನಕಾಯಿಗೂ ತೊಟ್ಟಿನ ತುದಿಯನ್ನೇ ಕತ್ತರಿಸಿ, ಹೂವಿನ ತುದಿಯನ್ನು ಹಾಗೆಯೇ ಬಿಟ್ಟುಬಿಡುತ್ತೇವೆ. ಕತ್ತರಿಸಲೇಬೇಕಾದ್ದು ಹೂವಿನ ತುದಿ. ಎರಡು ಮಿಲಿಮೀಟರ್ ದಪ್ಪದ ಬಿಲ್ಲೆ ಸಾಕು. ತೊಟ್ಟಿನ ಕಡೆ ಕಡ್ಡಿಯ ಸ್ವಲ್ಪ ಭಾಗ ಉಳಿದರೂ ತೊಂದರೆಯಿಲ್ಲ. ಬೇರೆ ಏನನ್ನೂ ಬದಲಿಸದೆ ಇದೊಂದನ್ನೇ ತಿದ್ದಿಕೊಂಡರೂ ಮುಂದಿನ ಭರಣಿಯಲ್ಲಿ ವ್ಯತ್ಯಾಸ ಹಲ್ಲಿಗೆ ತಿಳಿಯುತ್ತದೆ.

ಕಾಯಿ ಬಳ್ಳಿ ಬಿಟ್ಟ ಮೇಲೆ ಕಳೆದ ಹೊತ್ತು ಎರಡನೆಯ ಸಂಗತಿ. ಸೌತೆಯ ತೂಕದಲ್ಲಿ ಸುಮಾರು 95 ಭಾಗ ನೀರೇ, ಮತ್ತು ಕೊಯ್ದ ಗಳಿಗೆಯಿಂದ ಆ ನೀರು ಹೊರಹೋಗುತ್ತಲೇ ಇರುತ್ತದೆ. ಕೊಯ್ದ 24 ಗಂಟೆಯೊಳಗೆ ಉಪ್ಪುನೀರಿಗೆ ಬಿದ್ದ ಕಾಯಿಗೂ ಮೂರು ದಿನ ಸಂತೆಯಲ್ಲಿ ಕೂತು ಬಂದ ಕಾಯಿಗೂ ಹೋಲಿಕೆಯೇ ಇಲ್ಲ. ಫ್ರಿಜ್ಜಿನಲ್ಲಿಟ್ಟರೆ ಸರಿಹೋಗುತ್ತದೆ ಎಂದುಕೊಳ್ಳುವಂತಿಲ್ಲ, ಏಕೆಂದರೆ 10 ಡಿಗ್ರಿಗಿಂತ ಕೆಳಗಿನ ತಂಪಿನಲ್ಲಿ ಕೆಲವು ದಿನ ಇದ್ದರೆ ಸೌತೆಯ ಸಿಪ್ಪೆಯ ಮೇಲೆ ನೀರುಗುಳಿಗಳು ಬಿದ್ದು ಒಳಗಿನ ತಿರುಳು ಸಡಿಲವಾಗುತ್ತದೆ. ನಾನು ಬೆಳಿಗ್ಗೆ ಕೊಯ್ದ ಕಾಯಿಯನ್ನು ಮಧ್ಯಾಹ್ನದೊಳಗೆ ತಂದು, ತಣ್ಣೀರಿನಲ್ಲಿ ಎರಡು ಗಂಟೆ ನೆನೆಹಾಕಿ, ಅದೇ ಸಂಜೆ ಭರಣಿಗೆ ತುಂಬುತ್ತೇನೆ. ಅಂಗಡಿಯ ಉದ್ದನೆಯ ಸೌತೆಯಲ್ಲಿ ಈ ಉಪ್ಪಿನಕಾಯಿ ಮಾಡಬಹುದೇ ಎಂದು ಕೇಳುವವರಿದ್ದಾರೆ. ಬೀಜ ಬಲಿತು ತಿರುಳು ಬೆಂಡಾಗಿರುವ ಕಾಯಿಯನ್ನು ಯಾವ ಉಪಾಯವೂ ಗಟ್ಟಿಮಾಡಲಾರದು, ಎಳೆಯ ಮುಳ್ಳುಸೌತೆ ಸಿಕ್ಕರೆ ಮಾತ್ರ ಪ್ರಯತ್ನಿಸಬಹುದು.

ಉಪ್ಪಿನ ವಿಷಯದಲ್ಲಿ ನಾನು ಎರಡೂ ಬದಿಗೆ ತಪ್ಪಿದ್ದೇನೆ, ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅಪ್ಪೆಮಿಡಿಗೆ ನಾವು ನೀರು ಹಾಕುವುದಿಲ್ಲ. ಒಂದು ಪದರ ಮಿಡಿ, ಒಂದು ಪದರ ಹರಳುಪ್ಪು ಹಾಕುತ್ತ ಹೋಗುತ್ತೇವೆ. ಉಪ್ಪು ಮಿಡಿಯೊಳಗಿನ ನೀರನ್ನು ಎಳೆದು ತಾನೇ ಕರಗುತ್ತದೆ, ಮಿಡಿ ಚಿರುಟುತ್ತದೆ. ಚಿರುಟಿದ ಮಿಡಿಯೇ ಹದವಾದ ಮಿಡಿ, ಆ ಉಪ್ಪಿನ ಬಲದಿಂದಲೇ ಅದು ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಸೌತೆಯ ದಾರಿ ಬೇರೆ. ಅದನ್ನು ಕಾಯುವುದು ಉಪ್ಪಿಗಿಂತ ಹೆಚ್ಚಾಗಿ ಲ್ಯಾಕ್ಟಿಕ್ ಆಮ್ಲ. ಹಾಲನ್ನು ಮೊಸರಾಗಿಸುವ ಬ್ಯಾಕ್ಟೀರಿಯಾಗಳ ಬಳಗದವೇ ಕಾಯಿಯ ಸಕ್ಕರೆಯನ್ನು ಹುಳಿಯಾಗಿಸುತ್ತವೆ. ಅವು ಬೇಗ ಬೆಳೆಯುವಷ್ಟು ಉಪ್ಪು ಕಡಿಮೆ ಇರಬೇಕು, ಕೆಡಿಸುವ ಜೀವಾಣುಗಳು ಮುಂದಾಗದಷ್ಟು ಹೆಚ್ಚೂ ಇರಬೇಕು.

ಮೊದಲ ವರ್ಷ ನಾನು ಒಂದು ಲೀಟರ್ ನೀರಿಗೆ 50 ಗ್ರಾಂ ಉಪ್ಪು ಹಾಕಿ, ಇದು 5 ಪ್ರತಿಶತಕ್ಕೆ ಹತ್ತಿರ, ಧಾರಾಳವಾಯಿತು ಎಂದುಕೊಂಡಿದ್ದೆ. ಆ ಒಂದು ಲೀಟರಿಗೆ ಒಂದು ಕಿಲೋ ಕಾಯಿ ಬೀಳುತ್ತದೆ, ಕಾಯಿಯೂ ಬಹುಪಾಲು ನೀರೇ, ನಾಲ್ಕಾರು ದಿನಗಳಲ್ಲಿ ಉಪ್ಪು ಎರಡರಲ್ಲೂ ಸಮನಾಗಿ ಹಂಚಿಕೊಂಡು ಎರಡೂವರೆ ಪ್ರತಿಶತಕ್ಕೆ ಇಳಿಯುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅಷ್ಟು ತೆಳ್ಳಗಿನ ಉಪ್ಪು ಬೆಚ್ಚಗಿನ ಜಾಗದಲ್ಲಿ ಕಾಯಿಯನ್ನು ಕಾಯಲಾರದು. ಮರುವರ್ಷ ಹೆದರಿ ಮಿಡಿಗೆ ಹಾಕುವ ಅಳತೆಯಲ್ಲಿಯೇ ಉಪ್ಪು ಸುರಿದೆ. ಕಾಯಿಗಳು ಮೂರೇ ದಿನಕ್ಕೆ ಮೈ ಸುಕ್ಕುಗಟ್ಟಿ ತೊಗಲಿನಂತಾದವು, ತಿಂಗಳು ಕಳೆದರೂ ಹುಳಿಯೇ ಬರಲಿಲ್ಲ. ಈಗ ನಾನು ಕಾಯಿ ಮತ್ತು ನೀರು ಎರಡರ ತೂಕವನ್ನೂ ಕೂಡಿಸಿ, ಅದರ 4 ಪ್ರತಿಶತ ಉಪ್ಪು ಹಾಕುತ್ತೇನೆ. ಅಂದರೆ ಒಂದು ಕಿಲೋ ಕಾಯಿ, ಒಂದು ಲೀಟರ್ ನೀರಿಗೆ 80 ಗ್ರಾಂ. ಜೊತೆಗೆ ಎರಡು ಚಮಚ ವಿನೆಗರ್ ಹಾಕಿದರೆ ಆರಂಭದ ದಿನಗಳಲ್ಲಿ ಬೇಡದ ಜೀವಾಣುಗಳಿಗೆ ತಡೆಯಾಗುತ್ತದೆ. ಉಪ್ಪನ್ನು ತೂಗಿಯೇ ಹಾಕಬೇಕು, ಏಕೆಂದರೆ ಒಂದು ಲೋಟ ಹರಳುಪ್ಪು ಒಂದು ಲೋಟ ಪುಡಿಯುಪ್ಪಿನಷ್ಟು ತೂಗುವುದಿಲ್ಲ. ಅಂಗಡಿಯ ಪುಡಿಯುಪ್ಪಿನಿಂದ ನೀರು ಮಸುಕಾಗಬಹುದು. ಕಾಯಿಯ ಗಟ್ಟಿತನಕ್ಕೂ ಅದಕ್ಕೂ ಸಂಬಂಧವಿಲ್ಲ.

ನೀರಿನ ಮೇಲೆ ತೇಲುವ ಬಿಳಿ ಕೆನೆಯನ್ನು ಹಲವರು ಲೆಕ್ಕಿಸುವುದಿಲ್ಲ. ಆ ಪದರದಲ್ಲಿರುವ ಯೀಸ್ಟ್ ಮತ್ತು ಬೂಸಲು ಭರಣಿಯಲ್ಲಿ ಕಷ್ಟಪಟ್ಟು ಹುಟ್ಟಿದ ಆಮ್ಲವನ್ನೇ ತಿಂದು ಹುಳಿಯನ್ನು ಇಳಿಸುತ್ತವೆ, ಬೂಸಲು ಮತ್ತೆ ಪೆಕ್ಟಿನ್ ಕತ್ತರಿಸುವ ಕಿಣ್ವವನ್ನು ಬಿಡುತ್ತದೆ. ಕಾಯಿಗಳ ಮೇಲೆ ಒಂದು ಪಿಂಗಾಣಿ ತಟ್ಟೆ ಮಗುಚಿ, ಅದರ ಮೇಲೆ ನೀರು ತುಂಬಿದ ಗಾಜಿನ ಶೀಸೆಯಿಟ್ಟು, ಎಲ್ಲ ಕಾಯಿಯೂ ಎರಡು ಬೆರಳು ನೀರಿನಡಿ ಇರುವಂತೆ ನೋಡಿಕೊಂಡು, ಕಾಣಿಸಿಕೊಂಡ ಕೆನೆಯನ್ನು ದಿನವೂ ತೆಗೆದುಹಾಕಬೇಕು.

ಉಪ್ಪು ಸರಿಯಿದ್ದು, ಹೂವಿನ ತುದಿ ಕತ್ತರಿಸಿದ್ದರೂ ಮೆತ್ತಗಾಯಿತೆಂದರೆ ಭರಣಿ ಇಟ್ಟ ಜಾಗವನ್ನು ನೋಡಬೇಕು. ನಾಲ್ಕನೆಯ ವರ್ಷ ಒಂದೇ ಕೊಯ್ಲಿನ ಕಾಯಿಯನ್ನು ಒಂದೇ ಅಳತೆಯ ಉಪ್ಪಿನಲ್ಲಿ ಎರಡು ಭರಣಿಗೆ ಹಾಕಿ, ಒಂದನ್ನು ಅಡುಗೆಮನೆಯಲ್ಲಿ ಒಲೆಯ ಮೇಲ್ಗಡೆಯ ಶೆಲ್ಫಿನಲ್ಲಿ, ಇನ್ನೊಂದನ್ನು ಉಗ್ರಾಣದ ನೆಲದ ಮೇಲೆ ಇಟ್ಟಿದ್ದೆ. ಶೆಲ್ಫಿನದು ವಾರದಲ್ಲಿಯೇ ಹುಳಿಯಾಗಿ ಹದಿನೈದನೆಯ ದಿನಕ್ಕೆ ಬೆರಳಿಗೆ ಮೆದುವಾಯಿತು. ನೆಲದ ಮೇಲಿನದು ನಿಧಾನವಾಗಿ ಹುಳಿಯಾಗುತ್ತ, ನಾಲ್ಕನೆಯ ವಾರದಲ್ಲಿಯೂ ಕಚ್ಚಿದರೆ ಕಟುಕ್ಕೆನ್ನುತ್ತಿತ್ತು. ಸೌತೆ ಹುಳಿಯಾಗಲು 21ರಿಂದ 24 ಡಿಗ್ರಿ ಶಾಖ ಹದವಾದದ್ದು, ಅದರಲ್ಲಿ ಮೂರರಿಂದ ನಾಲ್ಕು ವಾರ ಹಿಡಿಯುತ್ತದೆ. ಇನ್ನೂ ತಂಪಿದ್ದರೆ ಐದಾರು ವಾರ ಬೇಕಾದೀತು, ಅದರಿಂದ ನಷ್ಟವೇನಿಲ್ಲ. ಶಾಖ 27 ಡಿಗ್ರಿ ಮೀರಿತೆಂದರೆ ಕಿಣ್ವಗಳ ಕೆಲಸ ಬಿರುಸಾಗಿ ಕಾಯಿ ಮೆತ್ತಗಾಗುತ್ತದೆ. ಮಾವಿನ ಮಿಡಿಯನ್ನು ಬೇಸಿಗೆಯ ಬಾಗಿಲಲ್ಲಿ ಹಾಕುವ ಅಭ್ಯಾಸವಿದ್ದ ನನಗೆ, ಉಪ್ಪಿನಕಾಯಿಗೂ ಚಳಿಗಾಲಕ್ಕೂ ನಂಟಿರಬಹುದೆಂದು ಹೊಳೆದೇ ಇರಲಿಲ್ಲ. ಬಯಲುಸೀಮೆಯಲ್ಲಿ ಇದನ್ನು ಮಾಡುವವರು ಡಿಸೆಂಬರ್, ಜನವರಿಯನ್ನು ಆರಿಸಿಕೊಳ್ಳುವುದು ಮೇಲು. ಬೇರೆ ತಿಂಗಳಲ್ಲಿ ಹಾಕಲೇಬೇಕೆಂದರೆ ಭರಣಿಯನ್ನು ನೀರಿನ ಬೋಗುಣಿಯಲ್ಲಿ ಕೂರಿಸಿ ಸುತ್ತಲೂ ಒದ್ದೆ ಬಟ್ಟೆ ಸುತ್ತಬಹುದು, ಇಲ್ಲವೇ ಮೂರು ನಾಲ್ಕು ದಿನ ಮಾತ್ರ ಹೊರಗಿಟ್ಟು, ಅರ್ಧ ಹುಳಿಯಲ್ಲಿಯೇ ಫ್ರಿಜ್ಜಿಗೆ ಸೇರಿಸಿ ಬೇಗ ತಿಂದು ಮುಗಿಸಬಹುದು.

ಟೊಳ್ಳಾಗುವುದು ಬೇರೆಯೇ ತೊಂದರೆ. ಅದನ್ನು ಮೆತ್ತಗಾಗುವುದರ ಜೊತೆ ಬೆರೆಸಬಾರದು. ಕೆಲವು ಕಾಯಿಗಳು ಬಳ್ಳಿಯಲ್ಲಿಯೇ, ನೀರಿನ ಕೊರತೆಯಿಂದಲೋ ಪರಾಗಸ್ಪರ್ಶ ಸರಿಯಾಗದೆಯೋ ಒಳಗೆ ಪೊಳ್ಳಾಗಿರುತ್ತವೆ. ತೊಳೆಯುವಾಗ ನೀರಿನಲ್ಲಿ ಎತ್ತರಕ್ಕೆ ತೇಲುವ, ಕೈಗೆ ಹಗುರಾಗಿ ಹತ್ತುವ ಕಾಯಿಗಳು ಇವೇ. ಅವನ್ನು ಬದಿಗಿಟ್ಟು ಕೋಸಂಬರಿಗೆ ಬಳಸಿದರಾಯಿತು. ಇನ್ನು ಕೆಲವು ಭರಣಿಗೆ ಬಿದ್ದ ಮೇಲೆ ಉಬ್ಬಿ ಟೊಳ್ಳಾಗುತ್ತವೆ. ಹುಳಿ ಬರುವಾಗ ಹುಟ್ಟುವ ಇಂಗಾಲದ ಡೈಆಕ್ಸೈಡ್ ಕಾಯಿಯೊಳಗೆ ಸೇರಿಕೊಂಡು, ಹೊರಗೆ ಹೋಗಲು ದಾರಿ ಸಿಗದೆ, ನಡುವಿನ ಬೀಜದ ಭಾಗವನ್ನು ಸೀಳಿ ಬದಿಗೆ ಒತ್ತುತ್ತದೆ. ದೊಡ್ಡ ಕಾಯಿಗಳಲ್ಲಿ ಇದು ಹೆಚ್ಚು, ಬೆರಳುಗಾತ್ರದವುಗಳಲ್ಲಿ ಬಹಳ ಕಡಿಮೆ. ಗಾಳಿ ಹೊರಹೋಗದಂತೆ ಬಿಗಿದ ಮುಚ್ಚಳವೂ ಒಂದು ಕಾರಣ. ಹೆಬ್ಬೆರಳಿಗಿಂತ ದಪ್ಪನೆಯ ಕಾಯಿಯನ್ನು ನಾನು ದಬ್ಬಳದಿಂದ ಎರಡು ಕಡೆ ಚುಚ್ಚಿ ಹಾಕುತ್ತೇನೆ, ಆಮೇಲೆ ಟೊಳ್ಳಾದದ್ದು ಸಿಕ್ಕಿದ್ದು ಅಪರೂಪ.

ಗಟ್ಟಿಮಾಡುವ ಪದಾರ್ಥಗಳ ಮಾತನ್ನು ಕೊನೆಗೆ ಉಳಿಸಿಕೊಂಡದ್ದು ಬೇಕೆಂದೇ. ಬಹಳ ಜನ ಇಲ್ಲಿಂದಲೇ ಆರಂಭಿಸುತ್ತಾರೆ, ಮತ್ತು ಇದರಲ್ಲಿ ಅಪಾಯವೂ ಇದೆ. ಕ್ಯಾಲ್ಸಿಯಂ ಪೆಕ್ಟಿನ್ನಿನ ಎಳೆಗಳ ನಡುವೆ ಕೊಂಡಿಯಂತೆ ಕೂತು ಅವನ್ನು ಬಿಗಿಯುತ್ತದೆ ಎಂಬುದು ನಿಜ. ಆಗ್ರಾದ ಪೇಠಕ್ಕೆ ಬೂದುಗುಂಬಳದ ಹೋಳುಗಳನ್ನು ಸುಣ್ಣದ ನೀರಿನಲ್ಲಿ ನೆನೆಸುವುದು ಇದೇ ಗುಣಕ್ಕಾಗಿ. ಸುಣ್ಣ ಕ್ಷಾರ, ಉಪ್ಪಿನಕಾಯಿಯನ್ನು ಕಾಯುವುದು ಆಮ್ಲ. ಸುಣ್ಣದಲ್ಲಿ ನೆನೆದ ಕಾಯಿಯನ್ನು ಪ್ರತಿಸಲ ಹೊಸ ನೀರಿನಲ್ಲಿ ಒಂದೊಂದು ಗಂಟೆಯಂತೆ ಮೂರು ಸಲ ನೆನೆಸಿ ತೊಳೆಯದಿದ್ದರೆ, ಉಳಿದ ಸುಣ್ಣ ಹುಳಿಯನ್ನು ಕೊಂದು, ಮುಚ್ಚಿದ ಜಾಡಿಯಲ್ಲಿ ಜೀವಕ್ಕೇ ಕುತ್ತು ತರುವ ಬಾಟ್ಯುಲಿಸಂ ವಿಷಕ್ಕೆ ದಾರಿಯಾಗಬಹುದು. ಎಲೆಯಡಿಕೆಯ ಸುಣ್ಣವನ್ನು ಇದಕ್ಕೆ ಬಳಸಲು ನಾನು ಯಾರಿಗೂ ಹೇಳುವುದಿಲ್ಲ. ಕ್ಯಾಲ್ಸಿಯಂ ಬೇಕೇಬೇಕೆಂದರೆ ಆಹಾರ ದರ್ಜೆಯ ಕ್ಯಾಲ್ಸಿಯಂ ಕ್ಲೋರೈಡ್ ಸಿಗುತ್ತದೆ. ಅದು ಆಮ್ಲವನ್ನು ಕೆಡಿಸುವುದಿಲ್ಲ, ಅರ್ಧ ಲೀಟರ್ ಜಾಡಿಗೆ ಟೀ ಚಮಚದ ಎಂಟನೆಯ ಒಂದು ಭಾಗ ಸಾಕು, ಹೆಚ್ಚಾದರೆ ಕಹಿ. ಪಟಿಕದಿಂದ ದಿಢೀರ್ ವಿನೆಗರ್ ಉಪ್ಪಿನಕಾಯಿಗೆ ಯಾವ ಪ್ರಯೋಜನವೂ ಇಲ್ಲ.

ದ್ರಾಕ್ಷಿ ಎಲೆಯ ಬಗ್ಗೆ ನನಗೆ ಗೌರವವಿದೆ, ಎಚ್ಚರಿಕೆಯೂ ಇದೆ. ಮೆತ್ತಗಾಗಿಸುವ ಕಿಣ್ವವನ್ನು ತಡೆಯುವ ಗುಣ ಆ ಎಲೆಯಲ್ಲಿ ಇರುವುದು ನಿಜ, ಭರಣಿಯ ತಳಕ್ಕೆ ಎರಡು ಎಲೆ ಹಾಸಿದರೆ ಕಿಣ್ವದ ಕೆಲಸ ಕುಗ್ಗುತ್ತದೆ. ಹೂವಿನ ತುದಿಯನ್ನು ಕತ್ತರಿಸಿದವರಿಗೆ ಅದರ ಅಗತ್ಯ ಅಷ್ಟಾಗಿ ಬೀಳುವುದಿಲ್ಲ. ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆ ದ್ರಾಕ್ಷಿ ತೋಟಗಳು ಬೇಕಾದಷ್ಟಿದ್ದರೂ ತೋಟದ ಎಲೆಯ ಮೇಲೆ ರೋಗಕ್ಕೆ ಹೊಡೆದ ಔಷಧ ಇರುತ್ತದೆ. ಔಷಧ ಕಾಣದ ಮನೆಯಂಗಳದ ಬಳ್ಳಿಯ ಎಲೆ ಸಿಕ್ಕರೆ ಮಾತ್ರ ಹಾಕಬೇಕು.

ವಿನೆಗರ್ ಉಪ್ಪಿನಕಾಯಿ ಮಾಡುವವರಿಗೆ ಎರಡು ಮಾತು. ಹೊರದೇಶದ ಅಳತೆಗಳು 5 ಪ್ರತಿಶತ ಆಮ್ಲದ ವಿನೆಗರ್‌ಗೆ ಬರೆದವು. ನಮ್ಮ ಅಂಗಡಿಯ ವಿನೆಗರ್ ಎಷ್ಟೋ ಸಲ 4ರ ಆಸುಪಾಸಿನದು, ಆದ್ದರಿಂದ ಬಾಟಲಿಯ ಚೀಟಿ ಓದದೆ ಅದಕ್ಕೆ ಅಷ್ಟೇ ನೀರು ಬೆರೆಸಬಾರದು. ಜಾಡಿಯನ್ನು ಕುದಿಯುವ ನೀರಿನಲ್ಲಿ ಬಹಳ ಹೊತ್ತು ಇಟ್ಟರೆ ಕಾಯಿ ಬೆಂದುಹೋಗುತ್ತದೆ. ಥರ್ಮಾಮೀಟರ್ ಇದ್ದವರು ನೀರನ್ನು 82ರಿಂದ 85 ಡಿಗ್ರಿಯೊಳಗೆ 30 ನಿಮಿಷ ಬಿಡದೆ ಹಿಡಿದಿಟ್ಟರೆ ಗಟ್ಟಿತನ ಹೆಚ್ಚು ಉಳಿಯುತ್ತದೆ. ಸಿಹಿ ಬೇಕಾದವರು ಸಕ್ಕರೆಯನ್ನು ಒಂದೇ ಸಲ ಸುರಿಯದೆ ದಿನಕ್ಕಿಷ್ಟರಂತೆ ಸೇರಿಸಬೇಕು, ಇಲ್ಲದಿದ್ದರೆ ಉಪ್ಪು ಹೆಚ್ಚಾದಾಗ ಆಗುವಂತೆಯೇ ಕಾಯಿ ಚಿರುಟುತ್ತದೆ.

ಒಮ್ಮೆ ಮೆತ್ತಗಾದ ಕಾಯಿಯನ್ನು ಮತ್ತೆ ಗಟ್ಟಿಮಾಡುವ ದಾರಿ ಇಲ್ಲ. ಮುಟ್ಟಿದರೆ ಲೋಳೆ ಹತ್ತುವ, ನೀರು ಎಳೆಯೆಳೆಯಾಗಿ ಬರುವ, ವಾಸನೆ ತಿರುಗಿದ ಭರಣಿಯನ್ನು ರುಚಿ ನೋಡಲೂ ಹೋಗದೆ ಚೆಲ್ಲಬೇಕು. ದುಡ್ಡು, ದುಡಿಮೆ ಎರಡೂ ಹೋಯಿತೆಂದು ಸಂಕಟವಾಗುವುದು ನನಗೆ ಚೆನ್ನಾಗಿ ಗೊತ್ತು, ಆದರೂ ಚೆಲ್ಲಬೇಕು.

ಈ ವರ್ಷ ದೊಡ್ಡ ಭರಣಿಯ ಜೊತೆಗೆ ಒಂದು ಚಿಕ್ಕ ಗಾಜಿನ ಶೀಸೆಯಲ್ಲಿ, ಅದೇ ಉಪ್ಪುನೀರಿನಲ್ಲಿ, ಒಣಹೂ ಅಂಟಿಕೊಂಡಿದ್ದ ಮೂರು ಕಾಯಿಗಳನ್ನು ತುದಿ ಕತ್ತರಿಸದೆ ಹಾಕಿ ಪಕ್ಕದಲ್ಲಿಯೇ ಇಟ್ಟಿದ್ದೆ. ಮೊನ್ನೆ 23ನೆಯ ದಿನ ಎರಡನ್ನೂ ತೆರೆದೆ. ಭರಣಿಯ ಕಾಯಿಯನ್ನು ಮುರಿದರೆ ಅಡುಗೆಮನೆಯ ಆಚೆ ಕೂತಿದ್ದ ಅತ್ತೆಯವರಿಗೂ ಶಬ್ದ ಕೇಳಿಸಿತು; ತಿರುಳು ಅಂಚಿನಿಂದ ನಡುವಿನವರೆಗೆ ಒಂದೇ ಸಮನೆ ಪಾರದರ್ಶಕವಾಗಿ, ನೀರು ಒಸರುತ್ತಿತ್ತು. ಶೀಸೆಯ ಕಾಯಿಯನ್ನು ಹಲಗೆಯ ಮೇಲಿಟ್ಟು ಹೆಬ್ಬೆರಳಿನಿಂದ ಉದ್ದಕ್ಕೂ ಒತ್ತುತ್ತ ಹೋದೆ. ತೊಟ್ಟಿನ ಕಡೆ ಇನ್ನೂ ಬಿಗಿಯಾಗಿತ್ತು, ನಡುವಿಗೆ ಬರುವಾಗ ಬೆರಳು ಸ್ವಲ್ಪ ಇಳಿಯಿತು, ಹೂವಿನ ತುದಿಯ ಒಂದು ಅಂಗುಲದಲ್ಲಿ ಸಿಪ್ಪೆ ಒಡೆದು ಹೆಬ್ಬೆರಳು ಹಲಗೆಗೆ ತಾಗಿತು. ಚಳಿ ಇನ್ನೂ ಮೂರು ವಾರ ಇರುವಂತಿದೆ. ಇನ್ನೊಂದು ಭರಣಿಗಾಗುವಷ್ಟು ಕಾಯಿಗೆ ಹೊಲದವರಿಗೆ ಹೇಳಿಟ್ಟಿದ್ದೇನೆ.